ಸುಂಕದ ಜಗಳದ ನಡುವೆ ಒಂದೇ ರಾಕೆಟ್: ಬಾಹ್ಯಾಕಾಶ ರಾಜಕಾರಣ ಮತ್ತು ಕೃಷ್ಣಾ ತೀರದ ಲೆಕ್ಕ

2025ರ ಜುಲೈ 30ರ ಸಂಜೆ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ಟೊಂದು ಭಾರತ ಮತ್ತು ಅಮೆರಿಕ ಜೊತೆಗೂಡಿ ಕಟ್ಟಿದ, ಭೂಮಿಯನ್ನು ರೇಡಾರ್‌ನಿಂದ ನೋಡುವ 'ನಿಸಾರ್' ಉಪಗ್ರಹವನ್ನು ಹೊತ್ತು ಮೇಲೇರಿತು. ಅದೇ ದಿನ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾರತದ ಸರಕುಗಳ ಮೇಲೆ ಶೇ 25ರಷ್ಟು ಸುಂಕ ಘೋಷಿಸಿದರು. ರಷ್ಯಾದ ತೈಲ ಕೊಳ್ಳುವ ಕಾರಣ ಮುಂದಿಟ್ಟು ಇನ್ನೂ ಶೇ 25ನ್ನು ಅದಕ್ಕೆ ಸೇರಿಸಲಾಯಿತು. ಆಗಸ್ಟ್ 27ರಿಂದ ಒಟ್ಟು ಹೊರೆ ಶೇ 50ಕ್ಕೆ ಏರಿತು. ಆ ಸುಂಕ ಜಾರಿಯಲ್ಲಿದ್ದಾಗಲೇ, ಡಿಸೆಂಬರ್ 24ರಂದು, ಇಸ್ರೋದ ಎಲ್‌ವಿಎಂ-3 ರಾಕೆಟ್ ಅಮೆರಿಕದ ಖಾಸಗಿ ಕಂಪನಿಯೊಂದರ ಸುಮಾರು 6,100 ಕಿಲೋ ತೂಕದ 'ಬ್ಲೂಬರ್ಡ್' ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಭಾರತದ ನೆಲದಿಂದ ಅಷ್ಟು ಭಾರದ ಉಪಗ್ರಹ ಹಿಂದೆಂದೂ ಹಾರಿರಲಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳನ್ನು ತಯಾರಿಸಿ ಹೊರದೇಶಕ್ಕೆ ಕಳಿಸುವವರಿಗೆ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದಾಗ ಗೊಂದಲವಾಗುವುದು ಸಹಜ. ನಮ್ಮ ಕಬ್ಬಿಣದ ಮೇಲೆ ಸುಂಕ ಹೇರುವ ದೇಶ ನಮ್ಮ ರಾಕೆಟ್ಟಿನ ಮೇಲೆ ಇಷ್ಟು ಭರವಸೆ ಇಡುವುದು ಹೇಗೆ? ಇದು ಸ್ನೇಹವೋ, ವ್ಯಾಪಾರವೋ? ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಯಲ್ಲಿ ಬದುಕುವವರಿಗೆ ಇದರಿಂದ ಸಿಗುವುದೇನು? ಇವಕ್ಕೆ ಉತ್ತರ ಹುಡುಕಲು ಮೂವತ್ತು ವರ್ಷ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ಕೊಡದೇ ಹೋದ ಎಂಜಿನ್

ನಿಸಾರ್ ಅನ್ನು ಹೊತ್ತೊಯ್ದ ಜಿಎಸ್‌ಎಲ್‌ವಿಯ ಮೇಲಿನ ಹಂತದಲ್ಲಿ ಕ್ರಯೋಜೆನಿಕ್ ಎಂಜಿನ್ ಇದೆ. ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಿದ ದ್ರವ ಜಲಜನಕವನ್ನು ಸೊನ್ನೆಗಿಂತ 183 ಡಿಗ್ರಿ ಕೆಳಗಿರುವ ದ್ರವ ಆಮ್ಲಜನಕದೊಂದಿಗೆ ಉರಿಸುವ ಈ ಎಂಜಿನ್ ಕಡಿಮೆ ಇಂಧನದಲ್ಲಿ ಹೆಚ್ಚು ಭಾರ ಎತ್ತುತ್ತದೆ. ಭಾರದ ಉಪಗ್ರಹಗಳನ್ನು ಎತ್ತರದ ಕಕ್ಷೆಗೆ ಒಯ್ಯಬೇಕೆಂದರೆ ಇಂಥ ಎಂಜಿನ್ ಬೇಕೇ ಬೇಕು ಎಂಬ ಕಾರಣಕ್ಕೆ 1991ರಲ್ಲಿ ಇಸ್ರೋ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಂಜಿನ್ನುಗಳ ಜೊತೆಗೆ ಅವನ್ನು ತಯಾರಿಸುವ ವಿದ್ಯೆಯೂ ಬರಬೇಕೆಂಬುದು ಅದರ ಮುಖ್ಯ ಷರತ್ತಾಗಿತ್ತು.

1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೋ ಮೇಲೂ ಗ್ಲಾವ್‌ಕಾಸ್ಮೋಸ್ ಮೇಲೂ ಎರಡು ವರ್ಷಗಳ ನಿರ್ಬಂಧ ಹೇರಿತು. ಕ್ಷಿಪಣಿ ತಂತ್ರಜ್ಞಾನ ಹರಡದಂತೆ ತಡೆಯಲು 1987ರಲ್ಲಿ ಮಾಡಿಕೊಂಡ ಅಂತರರಾಷ್ಟ್ರೀಯ ಕಟ್ಟುಪಾಡಿನ ಪ್ರಕಾರ ರಾಕೆಟ್ಟಿನ ಒಂದು ಪೂರ್ಣ ಹಂತವನ್ನು ಮತ್ತೊಂದು ದೇಶಕ್ಕೆ ವರ್ಗಾಯಿಸುವಂತಿಲ್ಲ ಎಂಬುದು ಅಮೆರಿಕದ ವಾದವಾಗಿತ್ತು. ಕ್ರಯೋಜೆನಿಕ್ ಇಂಧನವನ್ನು ತುಂಬಿಟ್ಟುಕೊಂಡು ಕಾಯಲಾಗದು, ತಿಂಗಳುಗಟ್ಟಲೆ ಸಜ್ಜಾಗಿ ನಿಲ್ಲಬೇಕಾದ ಕ್ಷಿಪಣಿಗೆ ಅದು ಒಗ್ಗುವುದಿಲ್ಲ ಎಂದು ಭಾರತ ಉತ್ತರಿಸಿತು. ತಾಂತ್ರಿಕವಾಗಿ ಭಾರತದ ಮಾತೇ ಹೆಚ್ಚು ಗಟ್ಟಿಯಾಗಿತ್ತು. ಅಂಥದೇ ಎಂಜಿನ್ ಮಾರಲು ಅಮೆರಿಕದ ಮತ್ತು ಫ್ರಾನ್ಸಿನ ಕಂಪನಿಗಳೂ ಮುಂದೆ ಬಂದು, ಹೆಚ್ಚು ಬೆಲೆ ಕೇಳಿ ಅವಕಾಶ ಕಳೆದುಕೊಂಡಿದ್ದವು ಎಂಬುದನ್ನೂ ಗಮನದಲ್ಲಿಟ್ಟರೆ, ಭದ್ರತೆಯ ವಾದದ ಹಿಂದೆ ಮಾರುಕಟ್ಟೆಯ ಲೆಕ್ಕವೂ ಇತ್ತೆಂಬ ಅನುಮಾನವನ್ನು ತಳ್ಳಿಹಾಕಲಾಗದು. ಆಗಷ್ಟೇ ಸೋವಿಯತ್ ಒಕ್ಕೂಟ ಒಡೆದು ಹಣಕ್ಕಾಗಿ ಪಶ್ಚಿಮದ ಕಡೆ ನೋಡುತ್ತಿದ್ದ ರಷ್ಯಾ 1993ರಲ್ಲಿ ಮಣಿಯಿತು: ಏಳು ಎಂಜಿನ್ ಕೊಟ್ಟಿತು, ವಿದ್ಯೆ ಕೊಡಲಿಲ್ಲ.

ಆ ವಿದ್ಯೆಯನ್ನು ಇಲ್ಲಿಯೇ ಕಲಿಯಲು ಎರಡು ದಶಕ ಹಿಡಿಯಿತು. 2010ರ ಏಪ್ರಿಲ್‌ನಲ್ಲಿ ಸ್ವದೇಶಿ ಕ್ರಯೋಜೆನಿಕ್ ಹಂತದ ಮೊದಲ ಹಾರಾಟ ವಿಫಲವಾಯಿತು. 2014ರ ಜನವರಿ 5ರಂದು ಕೈಗೂಡಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ನಾಸಾ ಮತ್ತು ಇಸ್ರೋ ಮುಖ್ಯಸ್ಥರು ನಿಸಾರ್ ಒಪ್ಪಂದಕ್ಕೆ ಸಹಿ ಹಾಕಿದರು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಇಸ್ರೋ ಅಂಗಸಂಸ್ಥೆಗಳ ಹೆಸರನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿದ್ದ ಅಮೆರಿಕ ಅವುಗಳನ್ನು ಪಟ್ಟಿಯಿಂದ ಕೈಬಿಟ್ಟದ್ದು 2011ರಲ್ಲಿ. ಅಂದರೆ ನಿರ್ಬಂಧ ತೆಗೆದ ಮೂರೇ ಮುಕ್ಕಾಲು ವರ್ಷದಲ್ಲಿ ಪಾಲುದಾರಿಕೆ. ಅಮೆರಿಕ ಯಾವ ಎಂಜಿನ್ ಭಾರತಕ್ಕೆ ಸಿಗಬಾರದೆಂದು ಹಟ ಹಿಡಿದಿತ್ತೋ, ಅದೇ ಬಗೆಯ, ಆದರೆ ಇಲ್ಲಿಯೇ ತಯಾರಾದ ಎಂಜಿನ್ನಿನ ಮೇಲೆ ನಾಸಾದ ದುಬಾರಿ ರೇಡಾರ್ ಕುಳಿತು ಹೋಯಿತು. ಈ ಸಾಲು ಬರೆಯುವಾಗ ಹೆಮ್ಮೆ ಎನಿಸದೆ ಇರುವುದಿಲ್ಲ.

ಪಾಲುದಾರಿಕೆಯ ಹಿಂದಿನ ಅಗತ್ಯ

ಒಟ್ಟು ಸುಮಾರು 150 ಕೋಟಿ ಡಾಲರ್ ವೆಚ್ಚದ ನಿಸಾರ್‌ನಲ್ಲಿ ಇಸ್ರೋದ ಪಾಲು ಸುಮಾರು 788 ಕೋಟಿ ರೂಪಾಯಿ. ಉದ್ದ ಅಲೆಯ ಎಲ್-ಬ್ಯಾಂಡ್ ರೇಡಾರ್ ಮತ್ತು 12 ಮೀಟರ್ ಅಗಲದ ಜಾಲರಿ ಆಂಟೆನಾ ನಾಸಾದ್ದು. ಅದಕ್ಕಿಂತ ಚಿಕ್ಕ ಅಲೆಯ ಎಸ್-ಬ್ಯಾಂಡ್ ರೇಡಾರ್, ಉಪಗ್ರಹದ ಒಡಲು ಮತ್ತು ರಾಕೆಟ್ ಇಸ್ರೋದ್ದು. ಇಷ್ಟು ಅಸಮ ಹಂಚಿಕೆಯನ್ನು ಅಮೆರಿಕ ಔದಾರ್ಯದಿಂದ ಒಪ್ಪಿತೆಂದು ತಿಳಿಯಬೇಕಿಲ್ಲ. ಇಂಥದೊಂದು ರೇಡಾರ್ ಯೋಜನೆಯನ್ನು ನಾಸಾ ಸ್ವಂತವಾಗಿ ಹಾಕಿಕೊಂಡಿತ್ತು. 2011ರ ಹೊತ್ತಿಗೆ ಅಲ್ಲಿನ ಬಜೆಟ್ ಕಡಿತಕ್ಕೆ ಅದು ಬಲಿಯಾಯಿತು. ರಾಕೆಟ್ಟಿನ ಖರ್ಚು ಹೊರುವ, ಉಪಗ್ರಹ ಕಟ್ಟಬಲ್ಲ ಜೊತೆಗಾರರೊಬ್ಬರು ಸಿಗದಿದ್ದರೆ ಅವರ ವಿಜ್ಞಾನಿಗಳ ಕನಸು ಕಾಗದದಲ್ಲೇ ಉಳಿಯುತ್ತಿತ್ತು.

ಬ್ಲೂಬರ್ಡ್ ಕಥೆಯೂ ಅಷ್ಟೇ. ಸಾಮಾನ್ಯ ಮೊಬೈಲ್ ಫೋನಿಗೆ ಬಾಹ್ಯಾಕಾಶದಿಂದಲೇ ನೇರ ಸಂಪರ್ಕ ಕೊಡಲು ಹೊರಟ ಆ ಕಂಪನಿಗೆ ಭಾರದ ಉಪಗ್ರಹ ಎತ್ತಬಲ್ಲ ರಾಕೆಟ್ ಬೇಕಿತ್ತು, ಜಗತ್ತಿನಲ್ಲಿ ಅಂಥ ರಾಕೆಟ್ಟುಗಳ ಕೊರತೆ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಬ್ರಿಟನ್ ಮೂಲದ ಒನ್‌ವೆಬ್ ಕಂಪನಿಯ 36 ಉಪಗ್ರಹಗಳನ್ನು ರಷ್ಯಾ ಹಾರಿಸದೆ ಹಿಡಿದಿಟ್ಟುಕೊಂಡಾಗ, ಆ ಕಂಪನಿ ಇಸ್ರೋ ಬಾಗಿಲಿಗೆ ಬಂತು. ಅದರ 72 ಉಪಗ್ರಹಗಳನ್ನು ಎಲ್‌ವಿಎಂ-3 ಎರಡು ಕಂತುಗಳಲ್ಲಿ ಹಾರಿಸಿತು. ಒಬ್ಬರ ಯುದ್ಧ ಇನ್ನೊಬ್ಬರ ಮಾರುಕಟ್ಟೆಯಾದ ಬಗೆ ಇದು.

ಹೀಗೆ ನೋಡಿದರೆ ಆರಂಭದ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. ಎರಕದ ಬಿಡಿಭಾಗವನ್ನು ಅಮೆರಿಕ ಬೇರೆ ಹತ್ತು ದೇಶಗಳಿಂದ ತರಿಸಿಕೊಳ್ಳಬಲ್ಲದು, ಆದ್ದರಿಂದ ಅದರ ಮೇಲೆ ಸುಂಕ ಹೇರುವುದು ಸುಲಭ. ಆರು ಟನ್ ಎತ್ತುವ ರಾಕೆಟ್ ಎಲ್ಲ ಕಡೆ ಸಿಗುವುದಿಲ್ಲ. ನಿರ್ಬಂಧವೂ ಸಹಕಾರವೂ ಒಂದೇ ತಕ್ಕಡಿಯಲ್ಲಿ ತೂಗಿ ಬಂದವುಗಳೇ: ಎದುರಿಗಿರುವವರ ಕೈಯಲ್ಲಿ ಏನಿದೆ ಎಂಬುದರ ಮೇಲೆ ತಟ್ಟೆ ಯಾವ ಕಡೆ ವಾಲಬೇಕೆಂಬುದು ನಿರ್ಧಾರವಾಗುತ್ತದೆ.

ಆದರೆ ಈ ಬಲವನ್ನು ಉತ್ಪ್ರೇಕ್ಷಿಸಬಾರದು. 2024ರಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯೊಂದೇ 130ಕ್ಕೂ ಹೆಚ್ಚು ಉಡಾವಣೆ ನಡೆಸಿತು. 2025ರಲ್ಲಿ ಇಸ್ರೋ ನಡೆಸಿದ್ದು ಐದು. ಅವುಗಳಲ್ಲಿ ಜನವರಿಯ ಎನ್‌ವಿಎಸ್-02 ಎಂಬ ಪಥದರ್ಶಕ ಉಪಗ್ರಹ ನಿಗದಿತ ಕಕ್ಷೆ ಏರಲಾಗದೆ ಉಳಿಯಿತು. ಮೇ 18ರಂದು ಪಿಎಸ್‌ಎಲ್‌ವಿಯ ಮೂರನೇ ಹಂತ ಕೈಕೊಟ್ಟು ಇಒಎಸ್-09 ಎಂಬ ರೇಡಾರ್ ಉಪಗ್ರಹ ನಾಶವಾಯಿತು.

ಎರಡು ಬಣಗಳ ನಡುವಿನ ದಾರಿ

ಚಂದ್ರನ ಮೇಲೆ ಮನುಷ್ಯರ ನೆಲೆ ಕಟ್ಟುವ ಸ್ಪರ್ಧೆ ಈಗ ಎರಡು ಗುಂಪುಗಳಾಗಿ ಒಡೆದಿದೆ. ಒಂದು ಅಮೆರಿಕ ಮುಂದಾಳಾಗಿರುವ ಆರ್ಟೆಮಿಸ್ ಒಪ್ಪಂದದ ಗುಂಪು. ಇನ್ನೊಂದು ಚೀನಾ ಮತ್ತು ರಷ್ಯಾ ಜೊತೆಗೂಡಿ ಯೋಜಿಸಿರುವ ಚಂದ್ರನ ಸಂಶೋಧನಾ ನೆಲೆಯದು. 2023ರ ಜೂನ್‌ನಲ್ಲಿ ಭಾರತ ಆರ್ಟೆಮಿಸ್ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಗಗನಯಾನಕ್ಕೆ ಆಯ್ಕೆಯಾದ ನಾಲ್ವರಿಗೆ ಮೊದಲ ತರಬೇತಿ ಸಿಕ್ಕಿದ್ದು ರಷ್ಯಾದಲ್ಲಿ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದು ಅಮೆರಿಕದ ರಾಕೆಟ್ಟಿನಲ್ಲಿ. ಮುಂದಿನ ಚಂದ್ರಯಾನ-5 ಜಪಾನಿನ ಜೊತೆ.

ಇದನ್ನು ಕೆಲವರು ಗಟ್ಟಿ ನಿಲುವಿಲ್ಲದ ನೀತಿ ಎನ್ನುತ್ತಾರೆ. ಎಲ್ಲರಿಂದಲೂ ಪಡೆದು ಯಾರಿಗೂ ಕಟ್ಟುಬೀಳದ ಜಾಣತನ ಎಂದು ಇನ್ನು ಕೆಲವರು ಹೊಗಳುತ್ತಾರೆ. 1993ರ ಅನುಭವವನ್ನು ಕಂಡ ದೇಶಕ್ಕೆ ಎರಡನೆಯದೇ ಸರಿಯಾದ ದಾರಿ. ಒಬ್ಬರನ್ನೇ ನೆಚ್ಚಿದರೆ ಆ ಒಬ್ಬರ ಮನೆಯ ರಾಜಕೀಯ ಬದಲಾದಾಗ ನಮ್ಮ ಯೋಜನೆ ನಿಲ್ಲುತ್ತದೆ. 2026ರ ಸಾಲಿಗೆ ನಾಸಾದ ವಿಜ್ಞಾನ ಬಜೆಟ್ಟನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವ ಪ್ರಸ್ತಾಪವನ್ನು ಶ್ವೇತಭವನ ಮಂಡಿಸಿದ್ದು, ಅದಕ್ಕೆ ಅಲ್ಲಿನ ಸಂಸತ್ತಿನ ಎರಡೂ ಪಕ್ಷಗಳಿಂದ ವಿರೋಧ ಬಂದದ್ದು ಇದಕ್ಕೆ ಹೊಸ ಸಾಕ್ಷಿ.

ಹಣ ಹರಿಯುವ ದಿಕ್ಕು

ಬಡತನವಿರುವ ದೇಶಕ್ಕೆ ರಾಕೆಟ್ ಏಕೆ ಎಂಬ ಹಳೆಯ ಪ್ರಶ್ನೆ ಇನ್ನೂ ಕೇಳಿಬರುತ್ತದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಮೀಸಲಿಟ್ಟ ಹಣ 13,400 ಕೋಟಿ ರೂಪಾಯಿಗಳ ಆಸುಪಾಸಿನಲ್ಲಿದೆ. ಐವತ್ತು ಲಕ್ಷ ಕೋಟಿ ಮೀರಿದ ಒಟ್ಟು ಬಜೆಟ್ಟಿನಲ್ಲಿ ಇದು ನೂರು ರೂಪಾಯಿಗೆ ನಾಲ್ಕಾಣೆಯಷ್ಟು. ಚಂಡಮಾರುತದ ಮುನ್ಸೂಚನೆಯೊಂದರಿಂದಲೇ ಉಳಿದ ಜೀವಗಳನ್ನು ನೆನೆದರೆ ಈ ಖರ್ಚನ್ನು ದುಂದು ಎನ್ನಲಾಗದು. ಇದೇ ಹಣ ಒಳಗಡೆ ಎಲ್ಲಿಗೆ ಹರಿಯುತ್ತಿದೆ ಎಂಬುದನ್ನು ಕೇಳುವವರು ಮಾತ್ರ ಕಡಿಮೆ.

2018ರ ಸ್ವಾತಂತ್ರ್ಯ ದಿನದಂದು ಘೋಷಣೆಯಾದ ಗಗನಯಾನ 2022ರೊಳಗೆ ಮನುಷ್ಯರನ್ನು ಕಕ್ಷೆಗೆ ಒಯ್ಯಬೇಕಿತ್ತು. ಆ ಗುರಿ ಈಗ 2027ಕ್ಕೆ ಸರಿದಿದೆ, ಕಾರ್ಯಕ್ರಮದ ಒಟ್ಟು ಮೊತ್ತ 20,193 ಕೋಟಿಗೆ ಬೆಳೆದಿದೆ. 2035ಕ್ಕೆ ಸ್ವಂತ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರ ಹೆಜ್ಜೆ ಎಂಬ ಗುರಿಗಳು ಅದರ ಬೆನ್ನಿಗಿವೆ. ರಕ್ಷಣೆಯ ಕಡೆ 52 ಕಣ್ಗಾವಲು ಉಪಗ್ರಹಗಳ 26,968 ಕೋಟಿಯ ಯೋಜನೆಗೆ 2024ರಲ್ಲಿ ಒಪ್ಪಿಗೆ ದೊರೆತಿದೆ. ಪಾಕಿಸ್ತಾನದೊಂದಿಗಿನ 2025ರ ಮೇ ತಿಂಗಳ ಸಂಘರ್ಷದ ವೇಳೆ ಕನಿಷ್ಠ ಹತ್ತು ಉಪಗ್ರಹಗಳು ದೇಶದ ಭದ್ರತೆಗಾಗಿ ಹಗಲಿರುಳು ದುಡಿಯುತ್ತಿವೆ ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಹೇಳಿದ ಮೇಲೆ ಆ ಯೋಜನೆಯ ಅಗತ್ಯವನ್ನು ಯಾರೂ ಪ್ರಶ್ನಿಸುತ್ತಿಲ್ಲ.

ಈ ಎರಡಕ್ಕೂ ರಾಜಕೀಯ ಬೆಂಬಲ ತಾನಾಗಿ ಸಿಗುತ್ತದೆ. 2019ರ ಮಾರ್ಚ್ 27ರಂದು, ಲೋಕಸಭಾ ಚುನಾವಣೆಗೆ ಎರಡು ವಾರ ಮುಂಚೆ, ಉಪಗ್ರಹ ಹೊಡೆದುರುಳಿಸುವ ಪರೀಕ್ಷೆಯನ್ನು ಪ್ರಧಾನಿಯವರೇ ಟಿವಿಯಲ್ಲಿ ಪ್ರಕಟಿಸಿದರು. ವಿರೋಧ ಪಕ್ಷಗಳು ಆಕ್ಷೇಪಿಸಿದವು, ನೀತಿಸಂಹಿತೆ ಉಲ್ಲಂಘನೆಯಾಗಿಲ್ಲ ಎಂದು ಚುನಾವಣಾ ಆಯೋಗ ಹೇಳಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ, ಕೀರ್ತಿ ನೆಹರೂ–ಸಾರಾಭಾಯಿ ಅಡಿಪಾಯಕ್ಕೋ ಈಗಿನ ಸರ್ಕಾರದ ಸಂಕಲ್ಪಕ್ಕೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಮಣ್ಣಿನ ತೇವ ಅಳೆಯುವ ಉಪಗ್ರಹಕ್ಕೆ ಅಂಥ ವಾರಸುದಾರರು ಇರುವುದಿಲ್ಲ. ಅದರ ಫಲ ನಿಧಾನ, ಫೋಟೋ ಮಂಕು, ಚುನಾವಣೆಯ ವೇದಿಕೆಗೆ ಅದು ಒದಗುವುದಿಲ್ಲ. ಮೇ ತಿಂಗಳಲ್ಲಿ ಸುಟ್ಟುಹೋದ ಇಒಎಸ್-09ರ ಜಾಗ ತುಂಬುವುದು ಯಾವಾಗ ಎಂದು ಸಾರ್ವಜನಿಕ ಚರ್ಚೆಯಲ್ಲಿ ಯಾರೂ ಕೇಳದಿರುವುದು ಇದೇ ಕಾರಣಕ್ಕೆ. ಕೇಳಬೇಕಾದವರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಜನ ಮೊದಲಿಗರು. ಅದಕ್ಕೆ ಕಾರಣವಿದೆ.

ಮೋಡದ ಕೆಳಗಿನ ಕೃಷ್ಣೆ

ಸಾಮಾನ್ಯ ಉಪಗ್ರಹದ ಕ್ಯಾಮೆರಾ ಬಿಸಿಲಿದ್ದಾಗ ಮಾತ್ರ ನೋಡುತ್ತದೆ. ಕೊಯ್ನಾ ಕಣಿವೆಯಲ್ಲಿ ಮಳೆ ಸುರಿದು, ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿಗಳಲ್ಲಿ ಹೊಳೆ ಊರೊಳಗೆ ಬರುವ ದಿನಗಳಲ್ಲಿ ಆಕಾಶ ತುಂಬ ಮೋಡವಿರುತ್ತದೆ. ಬೇಕಾದ ಹೊತ್ತಿಗೇ ಆ ಕ್ಯಾಮೆರಾ ಕುರುಡಾಗುತ್ತದೆ. ರೇಡಾರ್ ತಾನೇ ಅಲೆಗಳನ್ನು ಕಳಿಸಿ, ಮರಳಿದ್ದನ್ನು ಓದುವುದರಿಂದ ಅದಕ್ಕೆ ಮೋಡವೂ ರಾತ್ರಿಯೂ ಅಡ್ಡಿಯಲ್ಲ. ತೆರೆದ ನೀರಿನ ನುಣುಪು ಮೈ ಆ ಅಲೆಗಳನ್ನು ಬೇರೆ ಕಡೆ ಜಾರಿಸಿಬಿಡುವುದರಿಂದ ನೆರೆ ನಿಂತ ಜಾಗ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಸುಮಾರು 24 ಸೆಂಟಿಮೀಟರ್ ಉದ್ದದ ಎಲ್-ಬ್ಯಾಂಡ್ ಅಲೆಗೆ ಇನ್ನೊಂದು ಗುಣವಿದೆ: ಅದು ಎಲೆಗಳ ಮರೆಯನ್ನು ಬಹಳಷ್ಟು ದಾಟಿ ಕೆಳಗಿನದನ್ನು ಮುಟ್ಟುತ್ತದೆ. ಮೇಲಿನಿಂದ ಹಸಿರಾಗಿಯೇ ಕಾಣುವ ಕಬ್ಬಿನ ಪೈರಿನೊಳಗೆ ನೀರು ನಿಂತಿದೆಯೇ ಎಂಬುದರ ಸುಳಿವು ಅದರಿಂದ ಸಿಗಬಲ್ಲದು. ವರ್ಷಗಟ್ಟಲೆ ಅತಿ ನೀರುಣಿಸಿ ಸವಳು-ಜವಳಾದ ಹೊಲಗಳ ನಕ್ಷೆ ಮಾಡಲೂ ಇದೇ ಗುಣ ಬೇಕು.

ನಿಸಾರ್ 12 ದಿನಗಳಿಗೊಮ್ಮೆ ಅದೇ ಹಾದಿಗೆ ಮರಳುತ್ತದೆ. ಹೋಗುವ, ಬರುವ ಹಾದಿ ಸೇರಿ ಒಂದೇ ಜಾಗವನ್ನು ಆ ಅವಧಿಯಲ್ಲಿ ಎರಡು ಬಾರಿ ನೋಡುತ್ತದೆ. ಇದರಿಂದ ನೆರೆಯ ಮುನ್ಸೂಚನೆ ಸಿಗದು, ಏಕೆಂದರೆ ಹೊಳೆ ಎರಡೇ ದಿನದಲ್ಲಿ ಏರಿ ಬರುತ್ತದೆ. 2019ರ ಆಗಸ್ಟ್‌ನಂತೆ ವಾರ ಮೀರಿ ನಿಂತ ನೆರೆಯ ವಿಸ್ತಾರ, ಹಾನಿಯ ಅಂದಾಜು, ನೆಲದ ತೇವ ಇವುಗಳಿಗೆ ಅದು ಹೊಂದುತ್ತದೆ. ತೇವದ ನಕ್ಷೆ 100ರಿಂದ 200 ಮೀಟರ್ ಚೌಕದ ಮಟ್ಟದಲ್ಲಿ ಸಿಗುತ್ತದೆ. 200 ಮೀಟರ್ ಚೌಕವೆಂದರೆ ಸುಮಾರು ಹತ್ತು ಎಕರೆ, 100 ಮೀಟರ್ ಚೌಕವೆಂದರೆ ಎರಡೂವರೆ ಎಕರೆ. ಹಿಂಗಾರಿಯಲ್ಲಿ ಮಳೆಯಿಲ್ಲದೆ ಎರೆಭೂಮಿಯ ಹಸಿಯನ್ನೇ ನಂಬಿ ಬಿಳಿಜೋಳ, ಕಡಲೆ ಬಿತ್ತುವ ವಿಜಯಪುರದ ಡೋಣಿ ಸೀಮೆಯಲ್ಲಿ, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ಹೇಳುವುದಕ್ಕಿಂತ ಇದು ಎಷ್ಟು ಸೂಕ್ಷ್ಮವೆಂಬುದನ್ನು ರೈತರೇ ಅಳೆಯಬಲ್ಲರು.

ಈ ದತ್ತಾಂಶ ಎಲ್ಲರಿಗೂ ಉಚಿತ ಎಂಬುದರ ರಾಜಕೀಯ ಪರಿಣಾಮ ದೊಡ್ಡದು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿಯೇ ಕರ್ನಾಟಕಕ್ಕೆ ಅವಕಾಶ ಕೊಟ್ಟಿದೆ. ಹಿನ್ನೀರಿನಿಂದ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಎಂಬುದು ಮಹಾರಾಷ್ಟ್ರದ ಆಕ್ಷೇಪ. 2019ರ ನೆರೆಯ ನಂತರ ಆ ಸರ್ಕಾರವೇ ನೇಮಿಸಿದ ತಜ್ಞರ ಸಮಿತಿ ಆಲಮಟ್ಟಿಯನ್ನು ಹೊಣೆ ಮಾಡಲಿಲ್ಲ ಎಂಬುದು ಕರ್ನಾಟಕದ ಉತ್ತರ. ನೀರು ಎಲ್ಲಿಯವರೆಗೆ ಹರಡಿತ್ತು ಎಂಬುದರ ಒಂದೇ ಚಿತ್ರ ಇಬ್ಬರ ಕೈಯಲ್ಲೂ ಇದ್ದರೆ ವಾದದ ಸ್ವರೂಪ ಬದಲಾಗುತ್ತದೆ. ಆದರೂ ಚಿತ್ರ ತಾನಾಗಿ ತೀರ್ಪು ಕೊಡುವುದಿಲ್ಲ: ನೀರಿನ ಹರವನ್ನು ಅದು ತೋರಿಸುತ್ತದೆ, ಹರಿವಿನ ಪ್ರಮಾಣವನ್ನು ಹೇಳಲು ಸೇತುವೆಗಳ ಬಳಿಯ ಅಳತೆಗೋಲೇ ಬೇಕು.

ಉಚಿತ ಎಂದ ಮಾತ್ರಕ್ಕೆ ಎಲ್ಲರಿಗೂ ಸಮಾನವಾಗಿ ಸಿಕ್ಕಿತೆಂದೂ ಅಲ್ಲ. ಸಕ್ಕರೆ ಉದ್ಯಮದ ರಾಷ್ಟ್ರಮಟ್ಟದ ಸಂಘ 'ಇಸ್ಮಾ' ಕಬ್ಬಿನ ವಿಸ್ತೀರ್ಣವನ್ನು ಅಂದಾಜಿಸಲು ಬಹಳ ವರ್ಷಗಳಿಂದ ಉಪಗ್ರಹ ಚಿತ್ರಗಳನ್ನು ಬಳಸುತ್ತಿದೆ. ಸಕ್ಕರೆ ರಫ್ತಿಗೆ ಅನುಮತಿ ಬೇಕೇ ಬೇಡವೇ ಎಂಬ ಚರ್ಚೆ ಇಂಥ ಅಂದಾಜುಗಳ ಸುತ್ತ ನಡೆಯುತ್ತದೆ, ಅದರ ಪರಿಣಾಮ ಕಬ್ಬಿನ ದರಕ್ಕೂ ತಟ್ಟುತ್ತದೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಟನ್‌ಗೆ 3,500 ರೂಪಾಯಿ ಕೇಳಿ ಹಗಲಿರುಳು ಕುಳಿತ ರೈತರಿಗೆ 3,300ರ ಭರವಸೆ ಸಿಕ್ಕಿತು. ಆ ಮಾತುಕತೆಯ ಒಂದು ಕಡೆಯವರ ಬಳಿ ಉಪಗ್ರಹದ ಲೆಕ್ಕವಿತ್ತು. ಇನ್ನೊಂದು ಕಡೆಯವರ ಬಳಿ ತಮ್ಮ ಹೊಲದ ಲೆಕ್ಕ ಮಾತ್ರವಿತ್ತು. ಬೆಳೆ ವಿಮೆಯಲ್ಲೂ ಇದೇ ಬರುತ್ತಿದೆ: ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ಶೇ 30ರಷ್ಟು ತೂಕವನ್ನು ದೂರಸಂವೇದಿ ತಂತ್ರಜ್ಞಾನಕ್ಕೆ ಕೊಡುವ ಪದ್ಧತಿ ಆರಂಭವಾಗಿ, ಮುಂದೆ ಸೋಯಾಬೀನ್‌ಗೂ ವಿಸ್ತರಿಸಿತು. ಬೈಲಹೊಂಗಲದ ಸೋಯಾ ಬೆಳೆಗಾರರಿಗೆ ಬೆಳೆ ಕಟಾವು ಪ್ರಯೋಗ ಕಣ್ಣಿಗೆ ಕಾಣುವಂಥದು, ತಪ್ಪಿದ್ದರೆ ಅಲ್ಲಿಯೇ ತಕರಾರು ಮಾಡಬಹುದು. ಉಪಗ್ರಹದ ಅಂದಾಜನ್ನು ಪ್ರಶ್ನಿಸಲು ಅದನ್ನು ಓದಬಲ್ಲವರು ತಾಲ್ಲೂಕು ಮಟ್ಟದಲ್ಲಿ, ರೈತರ ಪರವಾಗಿ ಇರಬೇಕು.

ಪೀಣ್ಯದಿಂದ ಈಚೆಗೆ

ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಐವತ್ತು ವರ್ಷಗಳ ನಂತರವೂ ರಾಜ್ಯದ ಬಾಹ್ಯಾಕಾಶ ಉದ್ಯಮದ ಬಹುಪಾಲು ಆ ನಗರದ ಸುತ್ತಲೇ ಇದೆ. 2020ರಲ್ಲಿ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆದು, 2024ರಲ್ಲಿ ವಿದೇಶಿ ಹೂಡಿಕೆಯ ನಿಯಮ ಸಡಿಲಿಸಿದ ಮೇಲೆ ಗುಜರಾತ್, ತಮಿಳುನಾಡು ಪೈಪೋಟಿಗೆ ಇಳಿದಿವೆ. ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಿಸುವ ಏಕಸ್ ವಿಶೇಷ ಆರ್ಥಿಕ ವಲಯವಿದೆ, ಉದ್ಯಮಬಾಗದಲ್ಲಿ ಎರಕ ಮತ್ತು ಯಂತ್ರಗೆಲಸದ ತಲೆಮಾರುಗಳ ಪರಿಣತಿಯಿದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯೂ ಇಲ್ಲಿಯೇ ಇದೆ. ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರು ಮತ್ತು ಮೆಂತ್ಯದ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಸಾಮರ್ಥ್ಯದ ಕೊರತೆ ಉತ್ತರ ಕರ್ನಾಟಕದಲ್ಲಿಲ್ಲ. ಬೆಂಗಳೂರಿನಲ್ಲಿ ರೂಪುಗೊಳ್ಳುವ ನೀತಿಯಲ್ಲಿ ಅದಕ್ಕೊಂದು ಸಾಲು ಮೀಸಲಾಗಬೇಕು.

ಐದು ವರ್ಷದ ಗಡುವು

ನಿಸಾರ್ ಕೆಲಸ 2025ರ ನವೆಂಬರ್‌ನಲ್ಲಿ ಪೂರ್ಣ ಪ್ರಮಾಣದಲ್ಲಿ ಆರಂಭವಾಗಿದೆ. ಅದರ ಮುಖ್ಯ ಕಾರ್ಯಾವಧಿ ನಾಸಾ ಲೆಕ್ಕದಲ್ಲಿ ಮೂರು ವರ್ಷ, ಇಸ್ರೋ ಲೆಕ್ಕದಲ್ಲಿ ಐದು ವರ್ಷ. ಅಷ್ಟರಲ್ಲಿ ಎಲ್-ಬ್ಯಾಂಡ್ ರೇಡಾರ್ ಅನ್ನೂ ದೊಡ್ಡ ಮಡಿಚುವ ಆಂಟೆನಾವನ್ನೂ ಇಲ್ಲಿಯೇ ಮಾಡಲು ಕಲಿತರೆ ಮುಂದಿನ ಉಪಗ್ರಹಕ್ಕೆ ಅಮೆರಿಕದ ಬಜೆಟ್ಟಿನ ಹಂಗಿರುವುದಿಲ್ಲ. ಕಲಿಯದಿದ್ದರೆ, ವಿಮೆ, ನೆರೆ ಪರಿಹಾರ, ನೀರಿನ ವ್ಯಾಜ್ಯ ಎಲ್ಲವೂ ಈ ಚಿತ್ರಗಳಿಗೆ ಒಗ್ಗಿಕೊಂಡ ಹೊತ್ತಿಗೆ ಚಿತ್ರ ನಿಂತುಹೋಗಬಹುದು, ಆಗ ಕ್ರಯೋಜೆನಿಕ್ ಎಂಜಿನ್ನಿಗೆ ಕಾದಂತೆ ಮತ್ತೆ ಕಾಯಬೇಕಾದೀತು. 2026ರ ಮುಂಗಾರು ಈ ಉಪಗ್ರಹ ಪೂರ್ತಿಯಾಗಿ ಕಾಣಲಿರುವ ಮೊದಲ ಮುಂಗಾರು. ಆಗ ಕೃಷ್ಣೆ ದಂಡೆ ಮೀರಿದರೆ, ಕುಡಚಿಯಿಂದ ಆಲಮಟ್ಟಿಯವರೆಗಿನ ನೀರಿನ ಹರವು ದತ್ತಾಂಶವಾಗಿ ಹೈದರಾಬಾದ್ ಬಳಿಯ ಶಾದನಗರದ ಭೂಕೇಂದ್ರಕ್ಕೆ ಬಂದು ಇಳಿಯುತ್ತದೆ. ಅಲ್ಲಿಂದ ಜಮಖಂಡಿಯ ತಹಶೀಲ್ದಾರ್ ಕಚೇರಿಯ ಮೇಜಿನವರೆಗಿನ ದಾರಿಯನ್ನು ರಾಜ್ಯ ಸರ್ಕಾರ ಜೂನ್‌ಗೆ ಮುಂಚೆಯೇ ಹಾಕಬೇಕು.